ಗಾಜಿನ ಕಾರ್ಖಾನೆಯ ಗೇಟಿನಲ್ಲಿ ನೊರೆಯಕ್ಕ

ಬೆಳಗಿನ ಐದೂವರೆ. ಗಾಜಿನ ಬಾಟಲಿ ತಯಾರಿಸುವ ಕಾರ್ಖಾನೆಯ ಹಿಂದಿನ ಗೇಟು. ಕಾವಲುಗಾರನ ತಗಡಿನ ಶೆಡ್ಡಿಗೆ ಒತ್ತಿಕೊಂಡು ಒಂದು ಮಡಚುವ ಮೇಜು, ಅದರ ಮೇಲೆ ಹಾಸಿದ ಹಳೆಯ ಟವೆಲ್ಲು, ಟವೆಲ್ಲಿನ ಮೇಲೆ ಮುಚ್ಚಳ ಹಾಕಿದ ಏಳೆಂಟು ಪುಟ್ಟ ಡಬ್ಬಿಗಳು. ಮೇಜಿನ ಹಿಂದೆ ನಿಂತ ಹೆಂಗಸು ಕೈಗವಸು ಏರಿಸಿಕೊಂಡು ಒಂದು ಡಬ್ಬಿಯ ಮುಚ್ಚಳ ತೆಗೆಯುತ್ತಾರೆ, ಬೆರಳುದ್ದದ ತೆಳುವಾದ ಪಟ್ಟಿಯೊಂದನ್ನು ಅದ್ದಿ ಎತ್ತುತ್ತಾರೆ, ತುಟಿ ಅಲುಗಿಸುತ್ತಾ ಅರವತ್ತರವರೆಗೆ ಎಣಿಸುತ್ತಾರೆ. ಶೆಡ್ಡಿನ ದೀಪದ ಬೆಳಕು ಹಳದಿ, ಅದರಡಿ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೇ ಕಾವಲುಗಾರ ತನ್ನ ಟಾರ್ಚನ್ನು ಪಟ್ಟಿಯ ಮೇಲೆ ಹಿಡಿದು ನಿಂತಿದ್ದಾನೆ. ಪಟ್ಟಿಯ ಮೇಲಿನ ಹಳದಿ ಚೌಕ ಹಳದಿಯಾಗಿಯೇ ಉಳಿದರೆ ಒಳ್ಳೆಯದು. ಹಸಿರಿಗೆ ತಿರುಗಿತೋ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆ ಎಂದರ್ಥ. ಈ ಸಲ ಹಳದಿ ಕದಲಲಿಲ್ಲ. ಅವರು ನೋಟ್‌ಬುಕ್ಕಿನಲ್ಲಿ ಒಂದು ನಂಬರಿನ ಮುಂದೆ ಸೊನ್ನೆ ಬರೆದು ಮುಂದಿನ ಡಬ್ಬಿಗೆ ಕೈ ಹಾಕುತ್ತಾರೆ.

ಆರು ಗಂಟೆಯ ಪಾಳಿಯವರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಡಬ್ಬಿಯನ್ನು ರಾಜಾರೋಷವಾಗಿ ಹಿಡಿದು ತರುವವರು ಕಡಿಮೆ. ಒಬ್ಬ ಊಟದ ಚೀಲದ ತಳದಿಂದ ತೆಗೆಯುತ್ತಾನೆ, ಇನ್ನೊಬ್ಬ ಕಾಲುಚೀಲದೊಳಗೆ ಸುತ್ತಿಟ್ಟಿದ್ದನ್ನು ಕಳ್ಳಸಾಮಾನಿನಂತೆ ಮೇಜಿನ ಮೇಲೆ ಜಾರಿಸಿ, ಏನೂ ಆಗಿಲ್ಲವೆಂಬಂತೆ ಮುಖ ಆ ಕಡೆ ಮಾಡುತ್ತಾನೆ. ಪ್ರತಿಯೊಬ್ಬರಿಗೂ ಅವರದು ಒಂದೇ ಪ್ರಶ್ನೆ, ಅದೇ ದನಿಯಲ್ಲಿ:

"ನೊರೆ ಬರುತ್ತಾ?"

ಈ ಪ್ರಶ್ನೆಯಿಂದಲೇ ಅವರಿಗೆ ನೊರೆಯಕ್ಕ ಎಂಬ ಹೆಸರು ಅಂಟಿಕೊಂಡಿದೆ. ಮೊದಲು ಹಿಂದಿನಿಂದ ಕರೆಯುತ್ತಿದ್ದವರು ಈಗ ಮುಖದ ಮೇಲೇ ಕರೆಯುತ್ತಾರೆ. ಅವರಿಗೆ ಬೇಸರವಿಲ್ಲ. "ಪ್ರೋಟೀನ್ ಸೋರಿದ್ರೆ ಮೂತ್ರದಲ್ಲಿ ನೊರೆ ನಿಲ್ಲುತ್ತೆ. ಹಾಗಂತ ನೊರೆ ಬಂದೋರಿಗೆಲ್ಲ ಕಾಯಿಲೆ ಅಂತಲ್ಲ. ಜೋರಾಗಿ ಬಿದ್ರೂ ನೊರೆ ಬರುತ್ತೆ. ಆದ್ರೆ ದಿನಾ ಬರ್ತಿದ್ರೆ, ನೀರು ಹಾಕಿದ್ರೂ ಹೋಗ್ತಿಲ್ಲ ಅಂದ್ರೆ, ಒಂದು ಸಲ ನೋಡಿಸ್ಕೊಳ್ಳೋಕೆ ಏನು ಕಷ್ಟ?" ಎನ್ನುತ್ತಾರೆ, ಎರಡನೆಯ ಪಟ್ಟಿ ಅದ್ದುತ್ತಾ.

ನೊರೆಯಕ್ಕನಿಗೆ ಐವತ್ತೇಳು. ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಅಟೆಂಡರ್. ಮೂವತ್ತೊಂದು ವರ್ಷದಿಂದ ಅವರ ಕೆಲಸ ಸ್ಯಾಂಪಲ್ಲುಗಳಿಗೆ ಚೀಟಿ ಅಂಟಿಸುವುದು, ಗಾಜಿನ ಸಾಮಾನು ತೊಳೆಯುವುದು, ರಿಪೋರ್ಟುಗಳನ್ನು ವಾರ್ಡಿನಿಂದ ವಾರ್ಡಿಗೆ ಹಂಚುವುದು. ಲ್ಯಾಬು ತೆರೆಯುವುದು ಎಂಟಕ್ಕೆ. ಮಂಗಳವಾರ ಮತ್ತು ಶುಕ್ರವಾರ ಅದಕ್ಕೆ ಮೊದಲು ಎರಡು ಗಂಟೆ ಅವರು ಈ ಗೇಟಿನಲ್ಲಿ ನಿಲ್ಲುತ್ತಾರೆ. ಇದು ಅವರ ನೌಕರಿಯ ಭಾಗವಲ್ಲ, ನಿಲ್ಲಿ ಎಂದು ಯಾರೂ ಹೇಳಿದ್ದಲ್ಲ. ಹೀಗೆ ನಿಲ್ಲಲು ಶುರುಮಾಡಿ ಎಂಟು ವರ್ಷವಾಯಿತು.

ಕಾರಣ ಅವರ ಅಣ್ಣ.

ತಂದೆ ಬೇಗ ಹೋದ ಮನೆಯಲ್ಲಿ ತಂಗಿಯನ್ನು ಸಾಕಿ ಓದಿಸಿದವನು ಅಣ್ಣ. ಲ್ಯಾಬಿನ ಕೆಲಸಕ್ಕೆ ಅರ್ಜಿ ತಂದುಕೊಟ್ಟವನೂ ಅವನೇ. ತಂಗಿ ಮದುವೆಯಾಗಲಿಲ್ಲ; ಅಣ್ಣ ಅತ್ತಿಗೆಯ ಜೊತೆಯಲ್ಲೇ ಉಳಿದಳು. ಅಣ್ಣ ಇದೇ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಭಟ್ಟಿಯ ಬಾಯಿಗೆ ನಿಂತವನು. ಕರಗಿದ ಗಾಜಿನ ಮುಂದೆ ನಿಂತರೆ ಅಂಗಿ ಒದ್ದೆಯಾಗುವುದೂ ಅಲ್ಲೇ, ಒಣಗುವುದೂ ಅಲ್ಲೇ, ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ನೀರಿನ ಡ್ರಮ್ಮು ಅಂಗಳದ ಆ ತುದಿಯಲ್ಲಿತ್ತು. ಹೋಗಿ ಬರುವುದರೊಳಗೆ ಅಚ್ಚಿನಲ್ಲಿ ನಾಲ್ಕು ಬಾಟಲಿ ಕೆಡುತ್ತವೆ ಎಂದು ಯಾರೂ ಹೋಗುತ್ತಿರಲಿಲ್ಲ. ಸಂಜೆಯಾದರೆ ಭುಜ ಹಿಡಿದುಕೊಳ್ಳುತ್ತಿತ್ತು. ಗೇಟಿನೆದುರಿನ ಔಷಧಿ ಅಂಗಡಿಯಲ್ಲಿ ಚೀಟಿ ಗೀಟಿ ಕೇಳದೆ ನೋವಿನ ಮಾತ್ರೆ ಕೊಡುತ್ತಿದ್ದರು. ದಿನಕ್ಕೊಂದು ಇದ್ದದ್ದು ಎರಡಾಯಿತು. ನುಂಗಿದರೆ ನೋವು ಮಾಯ, ಬೆಳಗಾದರೆ ಮತ್ತೆ ಭಟ್ಟಿ. ನಡುವೆ ಯಾವುದೋ ತಪಾಸಣೆ ಶಿಬಿರದಲ್ಲಿ ಬಿಪಿ ಜಾಸ್ತಿ ಎಂದು ಬರೆದುಕೊಟ್ಟರು. ಒಂದು ತಿಂಗಳು ಮಾತ್ರೆ ತಗೊಂಡ. ತಲೆನೋವು ಹೋಯಿತು. ವಾಸಿಯಾಯಿತಲ್ಲ ಎಂದು ಬಿಟ್ಟುಬಿಟ್ಟ.

ಆ ವರ್ಷಗಳಲ್ಲಿ ಅತ್ತಿಗೆ ಬಚ್ಚಲು ತೊಳೆಯುವಾಗಲೆಲ್ಲ ಗೊಣಗುತ್ತಿದ್ದಳಂತೆ: ಈ ಮನುಷ್ಯ ಸೋಪನ್ನು ಸುಮ್ಮನೆ ಹಾಳು ಮಾಡ್ತಾನೆ, ಎಲ್ಲಿ ನೋಡಿದ್ರೂ ನೊರೆ. ಅಣ್ಣ ನಾನಲ್ಲ ಎನ್ನುತ್ತಿದ್ದ. ಮನೆಯವರೆಲ್ಲ ನಗುತ್ತಿದ್ದರು. ತಂಗಿಯೂ ನಗುತ್ತಿದ್ದಳು.

ಒಂದು ದಿನ ಅವನಿಗೆ ಊಟ ಸೇರಲಿಲ್ಲ. ಮರುದಿನ ವಾಂತಿ, ಮೈಯೆಲ್ಲ ತುರಿಕೆ, ಮೆಟ್ಟಿಲು ಹತ್ತಿದರೆ ಏದುಸಿರು. ಆಸ್ಪತ್ರೆಗೆ ಕರೆತಂದರು. ಅವನ ರಕ್ತದ ಟ್ಯೂಬಿಗೆ ಚೀಟಿ ಅಂಟಿಸಿದ್ದು ತಂಗಿಯೇ, ರಿಪೋರ್ಟನ್ನು ಒಯ್ದು ಡಾಕ್ಟರ ಮೇಜಿನ ಮೇಲಿಟ್ಟದ್ದೂ ತಂಗಿಯೇ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಹನ್ನೊಂದು. ಗಂಡಸರಲ್ಲಿ ಹೆಚ್ಚುಕಡಿಮೆ ಒಂದರ ಆಸುಪಾಸಿನಲ್ಲಿರಬೇಕಾದ್ದು ಅದು ಎಂದು ಹೇಳಿಕೊಡಲು ಅವಳಿಗೆ ಯಾರೂ ಬೇಕಿರಲಿಲ್ಲ.

ಕಿಡ್ನಿ ಡಾಕ್ಟರನ್ನು ಅವಳು ಕೇಳಿದ್ದು ಒಂದೇ, ಇದು ಯಾವಾಗಿನಿಂದ ಇದ್ದಿರಬಹುದು ಎಂದು. ಎಂಟು ಹತ್ತು ವರ್ಷದಿಂದ ನಿಧಾನಕ್ಕೆ ಕೆಟ್ಟಿರಬೇಕು ಎಂದರು ಡಾಕ್ಟರು. ಮೂತ್ರಪಿಂಡ ಸದ್ದಿಲ್ಲದ ಅಂಗ, ಮುಕ್ಕಾಲು ಪಾಲು ಹೋಗುವವರೆಗೂ ಎಷ್ಟೋ ಜನರಿಗೆ ನೋವೂ ಇರುವುದಿಲ್ಲ, ಗುರುತೂ ಇರುವುದಿಲ್ಲ. ಮೊದಲೇ ಒಂದು ಮೂತ್ರ ಪರೀಕ್ಷೆ ಮಾಡಿಸಿದ್ದರೆ, ಬಿಪಿ ಹಿಡಿತದಲ್ಲಿಟ್ಟು ನೋವಿನ ಮಾತ್ರೆ ಬಿಡಿಸಿದ್ದರೆ, ಇಲ್ಲಿಗೆ ಬರುತ್ತಿರಲಿಲ್ಲವೇನೋ ಎಂದರು.

ಆ ಮಾತನ್ನು ಹೇಳುವಾಗ ನೊರೆಯಕ್ಕ ಇವತ್ತಿಗೂ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಾರೆ. "ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಅದು ನಾನೇ. ಇಪ್ಪತ್ತೆರಡು ವರ್ಷ ಊರವರ ಡಬ್ಬಿ ತೊಳ್ದಿದ್ದೆ. ದಿನಾ ಬೆಳಿಗ್ಗೆ ಅಣ್ಣ ನನ್ನೆದುರಿಗೇ ಕೂತು ಟೀ ಕುಡೀತಿದ್ದ. ಅವನ ಕೈಗೆ ಒಂದು ಡಬ್ಬಿ ಕೊಡಬೇಕು ಅಂತ ನನಗೆ ಅನ್ನಿಸ್ಲೇ ಇಲ್ಲ."

ಅಣ್ಣನಿಗೆ ತನ್ನದೊಂದು ಕಿಡ್ನಿ ಕೊಡುತ್ತೇನೆಂದು ಅವಳು ಮುಂದಾದಳು. ಅಣ್ಣ ಬೇಡವೆಂದರೂ ಕೇಳಲಿಲ್ಲ. ಪರೀಕ್ಷೆಗಳೆಲ್ಲ ಆದವು. ಬಂದ ಫಲಿತಾಂಶ ಬೇರೆಯೇ: ಅವಳಿಗೂ ಬಿಪಿ ಇತ್ತು, ಅವಳ ಮೂತ್ರದಲ್ಲೂ ಪ್ರೋಟೀನ್ ಇತ್ತು. ತನಗೆ ಏನೂ ಆಗಿಲ್ಲವೆಂದು ಓಡಾಡಿಕೊಂಡಿದ್ದವಳು ರೋಗಿಯಾಗಿ ಹೊರಬಂದಳು. ಅಂದಿನಿಂದ ದಿನಕ್ಕೊಂದು ಬಿಪಿ ಮಾತ್ರೆ ತಪ್ಪಿಸಿಲ್ಲ, ಊಟದ ಮೇಜಿನ ಉಪ್ಪಿನ ಡಬ್ಬಿ ಕಪಾಟು ಸೇರಿದೆ. "ಕೊಡೋಕೆ ಹೋಗಿ ನನ್ನದು ಉಳೀತು. ಅಣ್ಣನಿಗೆ ಏನೂ ಕೊಡಕ್ಕಾಗ್ಲಿಲ್ಲ, ಅವನೇ ನನಗೆ ಕೊಟ್ಟ ಹಾಗಾಯ್ತು" ಎನ್ನುತ್ತಾರೆ. ಆರು ತಿಂಗಳಿಗೊಮ್ಮೆ ನೋಡಿಸಿಕೊಳ್ಳುತ್ತಾರೆ. ಪ್ರೋಟೀನ್ ಈಗ ಬಹುಪಾಲು ನಿಂತಿದೆ.

ಅಣ್ಣ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗತೊಡಗಿದ. ಅವನನ್ನು ಅಲ್ಲಿ ಬಿಟ್ಟು ಲ್ಯಾಬಿಗೆ ಹೋಗುವಾಗ ತಂಗಿ ಅಕ್ಕಪಕ್ಕದ ಹಾಸಿಗೆಗಳನ್ನು ನೋಡುತ್ತಿದ್ದಳು. ಹನ್ನೆರಡರಲ್ಲಿ ಮೂರು ಹಾಸಿಗೆಯವರು ಅಣ್ಣನಿಗೆ ಪರಿಚಯದವರೇ, ಅದೇ ಕಾರ್ಖಾನೆಯವರು. ಒಂದು ಸಂಜೆ ಅವಳು ಕಿಡ್ನಿ ಡಾಕ್ಟರ ಕೋಣೆಯ ಹೊರಗೆ ಕೊನೆಯ ರೋಗಿ ಹೋಗುವವರೆಗೂ ಕೂತಿದ್ದು ಒಳಗೆ ಹೋದಳು. ಸ್ಟೋರಿನಲ್ಲಿ ಅವಧಿ ಮುಗಿಯಲು ಎರಡು ಮೂರು ತಿಂಗಳಿರುವ ಪಟ್ಟಿಯ ಡಬ್ಬಗಳು ಹಾಗೇ ಉಳಿಯುತ್ತವೆ, ಕೊಟ್ಟರೆ ಗೇಟಿನಲ್ಲಿ ನಿಂತು ನೋಡುತ್ತೇನೆ, ಹಸಿರು ಬಂದವರನ್ನು ನಿಮ್ಮ ಬಳಿ ಕಳಿಸುತ್ತೇನೆ ಎಂದಳು. ಡಾಕ್ಟರು ಅವಳ ಮುಖ ನೋಡಿದರು, ಸ್ಟೋರಿಗೆ ಫೋನು ಮಾಡಿದರು. ಕಾರ್ಖಾನೆಗೊಂದು ಪತ್ರವನ್ನೂ ಬರೆದುಕೊಟ್ಟರು. ಮ್ಯಾನೇಜರು ಒಳಗೆ ಬೇಡ, ಗೇಟಿನ ಹೊರಗಾದರೆ ನಿಂತುಕೊಳ್ಳಿ ಎಂದರು.

ಮೊದಲ ತಿಂಗಳು ಬಂದ ಡಬ್ಬಿ ಎರಡು. ಅದರಲ್ಲೊಂದು ಕಾವಲುಗಾರನದು.

ಗಂಡಸರು ಮೂಗು ಮುರಿದರು, ತಮಾಷೆ ಮಾಡಿದರು. ಎಲ್ಲರಿಗಿಂತ ಹೆಚ್ಚು ತಮಾಷೆ ಮಾಡಿದವನು ಭಟ್ಟಿಯ ಒಬ್ಬ ಕೆಲಸಗಾರ. ದಿನಾ ಆರಕ್ಕೆ ಐದು ನಿಮಿಷವಿರುವಾಗ ಸರಿಯಾಗಿ ಗೇಟು ದಾಟುವವನಾದ್ದರಿಂದ ಅವನಿಗೆ ಗಡಿಯಾರ ಎಂದೇ ಹೆಸರು. ಅಣ್ಣನ ಕೈಕೆಳಗೇ ಕೆಲಸ ಕಲಿತವನು. ಊರವರ ಉಚ್ಚೆ ಎಲ್ಲ ನಿನಗ್ಯಾಕಕ್ಕ, ಅತ್ತರು ಮಾಡ್ತೀಯಾ ಎಂದು ಕೇಳಿ ಸಾಲಿನವರನ್ನೆಲ್ಲ ನಗಿಸುತ್ತಿದ್ದ. ನೊರೆಯಕ್ಕನೂ ನಗುತ್ತಿದ್ದರು. ಆದರೆ ಅವನ ಕಣ್ಣಿನ ಕೆಳಗೆ ಬೆಳಗಿನ ಹೊತ್ತು ಚೀಲ ಇಳಿಬಿದ್ದಂತೆ ಊದಿರುವುದನ್ನೂ, ಊದಿದ ಪಾದಕ್ಕೆ ಬಿಗಿಯಾಗುವ ಬೂಟಿನ ದಾರವನ್ನು ಅವನು ಕಟ್ಟುವುದನ್ನೇ ಬಿಟ್ಟಿರುವುದನ್ನೂ ಅವರು ಗಮನಿಸಿದ್ದರು. ಎಂಟು ತಿಂಗಳು ಬೆನ್ನು ಹತ್ತಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಆ ಚಳಿಗಾಲದ ಒಂದು ಶುಕ್ರವಾರ, ಡಯಾಲಿಸಿಸ್ ಇಲ್ಲದ ದಿನ, ಅಣ್ಣ ತಾನೂ ಬರುತ್ತೇನೆಂದು ಹೊರಟ. ಕಾವಲುಗಾರ ಎದ್ದು ತನ್ನ ಸ್ಟೂಲನ್ನು ಅವನಿಗೆ ಕೊಟ್ಟ. ಆರಕ್ಕೆ ಐದು ನಿಮಿಷವಿದೆ ಎನ್ನುವಾಗ ಗಡಿಯಾರ ಬಂದ. ಹಳೆಯ ಮೇಸ್ತ್ರಿಯನ್ನು ನೋಡಿ ನಿಂತ. ತೂಕ ಇಳಿದು, ಮೈ ಬಣ್ಣ ಮಾಸಿ ಕೂತಿದ್ದ ಮನುಷ್ಯನನ್ನು ಗುರುತಿಸಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಅಣ್ಣ ಸ್ವೆಟರಿನ ತೋಳು ಮೇಲೆ ಸರಿಸಿದ. ಎಡಗೈಯಲ್ಲಿ, ಡಯಾಲಿಸಿಸ್ ಸೂಜಿ ಚುಚ್ಚಲೆಂದು ಡಾಕ್ಟರು ರಕ್ತನಾಳಗಳನ್ನು ಜೋಡಿಸಿದ ಜಾಗ ಹಗ್ಗದ ಗಂಟಿನಂತೆ ಉಬ್ಬಿತ್ತು. ಇಲ್ಲಿ ಬೆರಳಿಡು ಎಂದ. ಗಡಿಯಾರ ಇಟ್ಟ. ಚರ್ಮದ ಕೆಳಗೆ ದುಂಬಿ ಸಿಕ್ಕಿಹಾಕಿಕೊಂಡಂತೆ ಗುಂಯ್‌ಗುಟ್ಟುವುದು ಬೆರಳಿಗೆ ತಾಗಿತು. ಥಟ್ಟನೆ ಕೈ ಹಿಂದಕ್ಕೆಳೆದುಕೊಂಡ.

"ಇದು ನಿಂತ್ರೆ ನಾನು ನಿಂತೆ. ದಿನಾ ಎದ್ದ ತಕ್ಷಣ ಮುಟ್ಟಿ ನೋಡ್ಕೋತೀನಿ," ಎಂದ ಅಣ್ಣ. "ನೀನು ತಿಂತಿರೋ ಮಾತ್ರೆಯನ್ನೇ ಕಣೋ ನಾನೂ ತಿಂದಿದ್ದು. ನಾನೇ ನಿನಗೆ ಆ ಅಂಗಡಿ ತೋರಿಸ್ದೋನು. ಆ ತಪ್ಪು ನನ್ನ ತಲೆ ಮೇಲೆ ಹಾಕ್ಬೇಡ. ಡಬ್ಬಿ ಕೊಡು."

ಅಂದು ಗಡಿಯಾರ ಕೆಲಸಕ್ಕೆ ಎರಡು ನಿಮಿಷ ತಡವಾಗಿ ಹೋದ. ನಗಿಸಲಿಲ್ಲ. ಹೋಗುವ ಮುನ್ನ ನೊರೆಯಕ್ಕನನ್ನು ಪಕ್ಕಕ್ಕೆ ಕರೆದು ಎಂಟು ತಿಂಗಳಿಂದ ನುಂಗಿಕೊಂಡಿದ್ದ ಮಾತನ್ನು ಹೇಳಿದ. ಏನಾದರೂ ಇದೆ ಎಂದು ಗೊತ್ತಾದರೆ ಕಂಪನಿಯವರು ಕೆಲಸದಿಂದ ತೆಗೆದುಹಾಕುತ್ತಾರೆ, ಎಲ್ಲರಿಗೂ ಇರುವ ಭಯ ಅದೇ ಎಂದ. ಅವರು ನೋಟ್‌ಬುಕ್ ತೆರೆದು ತೋರಿಸಿದರು. ಉದ್ದಕ್ಕೂ ನಂಬರುಗಳು, ಒಂದೇ ಒಂದು ಹೆಸರಿಲ್ಲ. ಯಾವ ನಂಬರು ಯಾರದು ಎಂಬುದು ನನ್ನ ತಲೆಯಲ್ಲಿದೆ, ತಲೆಯನ್ನು ಯಾರಿಗೂ ಕೊಡುವುದಿಲ್ಲ ಎಂದರು.

ಮಂಗಳವಾರ ಅವನ ಡಬ್ಬಿ ಬಂತು. ಪಟ್ಟಿ ಕಡುಹಸಿರಾಯಿತು, ಮೂರು ಪ್ಲಸ್. ಜ್ವರ ಬಂದಿದ್ದರೂ, ಮೈಮುರಿದು ದುಡಿದಿದ್ದರೂ ಒಮ್ಮೊಮ್ಮೆ ಪ್ರೋಟೀನ್ ಕಾಣುವುದುಂಟು ಎಂದು ಮುಂದಿನ ವಾರ ಮತ್ತೆ ನೋಡಿದರು. ಮತ್ತೆ ಮೂರು ಪ್ಲಸ್. ತಾವೇ ಜೊತೆಗೆ ಕರೆದೊಯ್ದು ಡಾಕ್ಟರ ಮುಂದೆ ಕೂರಿಸಿದರು. ಬಿಪಿ ನೂರ ಎಂಬತ್ತು, ಕ್ರಿಯಾಟಿನಿನ್ ಎರಡರ ಹತ್ತಿರ. ನೋವಿನ ಮಾತ್ರೆ ಅಂದೇ ನಿಂತಿತು. ಬಿಪಿಗೆ ಔಷಧಿ ಶುರುವಾಯಿತು, ಉಪ್ಪು ಕಡಿಮೆಯಾಯಿತು, ಭುಜಕ್ಕೆ ಬಿಸಿ ಕಾವು ಮತ್ತು ವ್ಯಾಯಾಮ ಹೇಳಿಕೊಟ್ಟರು. ಏಳು ವರ್ಷವಾಯಿತು. ಅವನ ಕ್ರಿಯಾಟಿನಿನ್ ಈಗಲೂ ಎರಡರ ಹತ್ತಿರವೇ ಇದೆ. ಇಳಿದಿಲ್ಲ, ಏರಿಯೂ ಇಲ್ಲ.

"ಏರದೇ ಇರೋದೇ ನಮ್ಮ ಹಬ್ಬ," ಎನ್ನುತ್ತಾರೆ ನೊರೆಯಕ್ಕ. "ಮುರಿದ ಕಾಲು ಸರಿಯಾದ್ರೆ ನಡೆದು ತೋರಿಸ್ಬಹುದು. ಇದರಲ್ಲಿ ತೋರಿಸೋಕೆ ಏನೂ ಇರಲ್ಲ. ಇದ್ದ ಹಾಗೇ ಇದ್ದಾನೆ, ಅಷ್ಟೇ."

ಗಡಿಯಾರ ಡಬ್ಬಿ ಕೊಟ್ಟ ಮೇಲೆ ಗೇಟಿನಲ್ಲಿ ಸಾಲು ಬೆಳೆಯಿತು. ಸಾಲು ಬೆಳೆದದ್ದು ಮ್ಯಾನೇಜರ ಕಣ್ಣಿಗೂ ಬಿತ್ತು. ಒಂದು ದಿನ ನೊರೆಯಕ್ಕನನ್ನು ಒಳಗೆ ಕರೆಸಿ, ಕುರ್ಚಿ ಕೊಟ್ಟು, ಯಾರ್ಯಾರಿಗೆ ತೊಂದರೆಯಿದೆ ಎಂದು ಒಂದು ಪಟ್ಟಿ ಮಾಡಿಕೊಡಿ, ಅಂಥವರನ್ನು ಬೇರೆ ಕೆಲಸಕ್ಕೆ ಹಾಕುತ್ತೇವೆ ಎಂದು ನಯವಾಗಿ ಕೇಳಿದರು. ಇಪ್ಪತ್ತನಾಲ್ಕು ವರ್ಷ ದೊಡ್ಡವರ ಮುಂದೆ ತಲೆ ತಗ್ಗಿಸಿಕೊಂಡೇ ರಿಪೋರ್ಟು ಕೊಟ್ಟು ಬಂದ ಹೆಂಗಸು ಅಂದು ತಲೆಯೆತ್ತಿದರು. ಹೀಗೆ ಹೇಳಿದರು:

"ಹೆಸರಿನ ಪಟ್ಟಿ ನನ್ನ ಹತ್ರ ಇಲ್ಲ ಸಾರ್, ಇದ್ರೂ ಕೊಡಲ್ಲ. ಕೊಟ್ಟ ದಿನ ಒಂದು ಡಬ್ಬಿನೂ ಬರಲ್ಲ. ಸಹಾಯ ಮಾಡ್ಬೇಕು ಅಂತಿದ್ರೆ ಭಟ್ಟಿ ಪಕ್ಕದಲ್ಲಿ ನೀರಿಡಿಸಿ. ವಿಂಗಡಣೆ ಹೆಂಗಸರ ಟಾಯ್ಲೆಟ್ಟಿಗೆ ಚಿಲಕ ಹಾಕಿಸಿ."

ಬಾಟಲಿಗಳನ್ನು ಬೆಳಕಿಗೆ ಹಿಡಿದು ಒಡಕು ನೋಡಿ ವಿಂಗಡಿಸುವ ವಿಭಾಗದಲ್ಲಿ ನಲವತ್ತು ಹೆಂಗಸರಿದ್ದರು. ಅವರ ಟಾಯ್ಲೆಟ್ಟಿನ ಬಾಗಿಲು ನಿಲ್ಲುತ್ತಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಹಿಡಿದು ನಿಲ್ಲಬೇಕು. ಆ ಮುಜುಗರವೇ ಬೇಡವೆಂದು ಅವರು ಬೆಳಗಿನಿಂದ ಸಂಜೆಯವರೆಗೆ ಗುಟುಕು ನೀರು ಕುಡಿಯುತ್ತಿರಲಿಲ್ಲ. ಉರಿಮೂತ್ರ, ಸೋಂಕು, ಕಲ್ಲು ಎಂದು ಅವರಲ್ಲಿ ಒಬ್ಬರಲ್ಲ ಒಬ್ಬರು ಆಸ್ಪತ್ರೆಗೆ ಬರುತ್ತಲೇ ಇದ್ದರು. ಮ್ಯಾನೇಜರು ಕೆಟ್ಟವರಲ್ಲ, ಅವರಿಗೆ ಇದು ಗೊತ್ತಿರಲಿಲ್ಲ. ಭಟ್ಟಿಯ ಪಕ್ಕಕ್ಕೆ ನೀರಿನ ಡ್ರಮ್ಮು ಮೂರು ದಿನದಲ್ಲಿ ಬಂತು, ಗಂಟೆಗೊಮ್ಮೆ ಹತ್ತು ನಿಮಿಷ ನೆರಳಿನ ಬಿಡುವೂ ಸಿಕ್ಕಿತು. ಚಿಲಕ ಬರಲು ಮಾತ್ರ ಹನ್ನೊಂದು ತಿಂಗಳು ಹಿಡಿಯಿತು. ಪ್ರತಿ ಶುಕ್ರವಾರ ನೊರೆಯಕ್ಕ ಕಚೇರಿಯ ಬಾಗಿಲಲ್ಲಿ ನಿಂತು ಚಿಲಕ ಏನಾಯಿತು ಸಾರ್ ಎಂದು ಕೇಳಿ ಹೋಗುತ್ತಿದ್ದರು. ಕೊನೆಗೆ ಅವರನ್ನು ಕಂಡರೆ ಗುಮಾಸ್ತರು ಕಡತದೊಳಗೆ ತಲೆ ಹುದುಗಿಸುತ್ತಿದ್ದರಂತೆ.

ಲೆಕ್ಕ ಕೇಳಿದರೆ ನೋಟ್‌ಬುಕ್ ಬಿಚ್ಚುತ್ತಾರೆ. ಎಂಟು ವರ್ಷದಲ್ಲಿ ಸುಮಾರು ಆರು ಸಾವಿರ ಪಟ್ಟಿ. ಸಾವಿರದ ಇನ್ನೂರು ಜನ, ಕಾರ್ಖಾನೆಯವರೂ ಅವರ ಮನೆಯವರೂ ಸೇರಿ. ಎರಡನೆಯ ಸಲವೂ ಹಸಿರು ಬಂದವರು ತೊಂಬತ್ತೊಂದು. ಅದರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲದ ಬಿಪಿ ಅಥವಾ ಶುಗರ್ ಸಿಕ್ಕಿತು. ನಾಲ್ವರು ತಡವಾಗಿ ಬಂದಿದ್ದರು, ಡಯಾಲಿಸಿಸ್ ತಪ್ಪಲಿಲ್ಲ. ಆ ನಾಲ್ಕು ನಂಬರುಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಯಾಕೆಂದು ಕೇಳಿದರೆ ಪುಟ ತಿರುಗಿಸುತ್ತಾರೆ.

ಅವರ ಉಪದೇಶ ಬಲು ಚಿಕ್ಕದು. ಬಿಪಿ, ಶುಗರ್ ಇದ್ದವರು, ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆ ಇದ್ದವರು ವರ್ಷಕ್ಕೊಮ್ಮೆ ಮೂತ್ರವನ್ನೂ ರಕ್ತವನ್ನೂ ನೋಡಿಸಿಕೊಳ್ಳಬೇಕು. ಹುಷಾರಾದೆ ಎನಿಸಿದರೂ ಬಿಪಿ ಮಾತ್ರೆ ಬಿಡಬಾರದು. ಡಾಕ್ಟರು ಬರೆದುಕೊಡದ ನೋವಿನ ಮಾತ್ರೆಯನ್ನು ದಿನಾ ನುಂಗಬಾರದು. ಬಿಸಿಲಲ್ಲಿ, ಬೆಂಕಿಯ ಮುಂದೆ ದುಡಿಯುವವರು ಬಾಯಾರುವವರೆಗೆ ಕಾಯದೆ ನೀರು ಕುಡಿಯಬೇಕು. ಕಿಡ್ನಿ ಆಗಲೇ ಕೆಟ್ಟಿರುವವರು ಮಾತ್ರ ಎಷ್ಟು ಕುಡಿಯಬೇಕೆಂದು ಡಾಕ್ಟರನ್ನು ಕೇಳಬೇಕು.

ಆ ಕೊನೆಯ ಮಾತಿನ ಭಾರ ಅವರ ಮನೆಯಲ್ಲೇ ಇದೆ. ಅಣ್ಣನಿಗೆ ದಿನಕ್ಕೆ ಇಷ್ಟೇ ನೀರು ಎಂಬ ಅಳತೆ. ಬೆಳಿಗ್ಗೆ ಅತ್ತಿಗೆ ಒಂದು ಬಾಟಲಿಗೆ ತುಂಬಿಸಿಟ್ಟರೆ ಟೀ, ಸಾರು, ಮಾತ್ರೆಗೆ ಬೇಕಾದ ಗುಟುಕು ಎಲ್ಲವೂ ಅದರ ಲೆಕ್ಕಕ್ಕೇ. ಬೇಸಿಗೆಯಲ್ಲಿ ಅವನು ಮಂಜುಗಡ್ಡೆಯ ಚೂರೊಂದನ್ನು ಬಾಯಲ್ಲಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಾನೆ. ಊರಿಗೆಲ್ಲ ನೀರು ಕುಡೀರಿ ಅಂತ ಸಾರ್ತೀಯ, ನನಗೆ ಮಾತ್ರ ಬೆಕ್ಕಿಗೆ ಹಾಕಿದ ಹಾಗೆ ಹಾಕ್ತೀಯ ಎಂದು ತಂಗಿಯನ್ನು ರೇಗಿಸುತ್ತಾನೆ. ಅವಳು ಅವನೆದುರಿಗೆ ಲೋಟ ಎತ್ತುವುದಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕುಡಿದು, ಬಾಯೊರೆಸಿಕೊಂಡು ಬರುತ್ತಾಳೆ. ಇದು ಅಣ್ಣನಿಗೆ ಗೊತ್ತು. ಗೊತ್ತಿಲ್ಲದವನಂತೆ ಇರುತ್ತಾನೆ.

ಇನ್ನು ಮೂರು ವರ್ಷಕ್ಕೆ ನೊರೆಯಕ್ಕನಿಗೆ ನಿವೃತ್ತಿ. ಕಾವಲುಗಾರ ಈಗಾಗಲೇ ಪಟ್ಟಿ ಓದುವುದನ್ನು ಕಲಿತಿದ್ದಾನೆ. ಆಸ್ಪತ್ರೆಯ ಒಬ್ಬ ನರ್ಸು ವಾರಕ್ಕೊಂದು ದಿನ ಬಂದು ಬಿಪಿ ನೋಡಲು ಒಪ್ಪಿದ್ದಾರೆ. ಎಲೆಮರೆಯ ಕಾಯಿಯಂತೆ ಇಷ್ಟು ವರ್ಷ ದುಡಿದಿದ್ದೀರಿ, ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಟವೆಲ್ಲು ಮಡಚಿ ಚೀಲಕ್ಕೆ ಹಾಕುತ್ತಾರೆ. ಆಮೇಲೆ ಹೇಳುತ್ತಾರೆ: "ನನ್ನನ್ನ ಮರೆತುಬಿಡ್ಬೇಕು. ಲ್ಯಾಬಿನವಳ ಮುಖ ಚೆನ್ನಾಗಿ ನೆನಪಿದೆ ಅಂದ್ರೆ ಕಾಯಿಲೆ ಬಿಟ್ಟಿಲ್ಲ ಅಂತ. ಹುಷಾರಾಗಿ ಇರೋನಿಗೆ ನಾನ್ಯಾಕೆ ನೆನಪಿರ್ಬೇಕು?"

ಆ ಆಸೆ ಕಳೆದ ತಿಂಗಳು ಒಮ್ಮೆ ಕೈಗೂಡಿದೆ. ಲ್ಯಾಬು ಮುಗಿಸಿ ಮನೆಗೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಗಳನ್ನೂ ಅವಳ ಶಾಲೆಯ ಚೀಲವನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನೊಬ್ಬ ಇವರನ್ನು ಕಂಡು ಎದ್ದು ನಿಂತ. ಆರು ವರ್ಷದ ಹಿಂದೆ ಎರಡು ಪ್ಲಸ್ ಬಂದವನು, ಆಮೇಲೆ ಕಾರ್ಖಾನೆ ಬಿಟ್ಟು ಬೇರೆ ಕೆಲಸಕ್ಕೆ ಸೇರಿದವನು. ನಂಬರು ಮುನ್ನೂರ ಹದಿನಾಲ್ಕು. ಇವರಿಗೆ ತಕ್ಷಣ ಗುರುತು ಸಿಕ್ಕಿತು. ಅವನಿಗೆ ಸಿಗಲಿಲ್ಲ. ಬನ್ನಿ ಅಜ್ಜಿ, ಕೂತ್ಕೊಳ್ಳಿ ಎಂದು ಸೀಟು ಬಿಟ್ಟುಕೊಟ್ಟ, ಮಗಳನ್ನು ಎತ್ತಿಕೊಂಡು ಮುಂದಿನ ಸ್ಟಾಪಿನಲ್ಲಿ ಇಳಿದುಹೋದ.

"ಮರೆತಿದ್ದಕ್ಕೆ ಮನೆ ತಲುಪೋವರೆಗೂ ಖುಷಿಯಾಗಿತ್ತು," ಎನ್ನುತ್ತಾರೆ ನೊರೆಯಕ್ಕ, ಮೇಜು ಮಡಚಿ ಕಂಕುಳಿಗೆ ಏರಿಸಿಕೊಳ್ಳುತ್ತಾ. "ಅಜ್ಜಿ ಅಂದಿದ್ದಕ್ಕೆ ಸ್ವಲ್ಪ ಬೇಜಾರು."